ಟನ್ನಿಗೆಷ್ಟು ಗ್ರಾಂ

ಒಂಬತ್ತು ಪಂದ್ಯ, ಏಳು ಸೋಲು.
ಸ್ಕೋರ್ ಪುಸ್ತಕದ ಅಕ್ಷರ ನನ್ನದು,
ಹಾಗಾಗಿ ಸೋಲೂ ಒಂದಿಷ್ಟು ನನ್ನದೇ.

ಎರಡನೇ ಪಾಳಿ ಬಿಟ್ಟ ಮೇಲೆ, ಹಟ್ಟಿ ಕ್ಯಾಂಪಿನ ಕ್ಲಬ್ಬಿನಲ್ಲಿ
ಕೂತೆವು ಐದು ಜನ. ಮಂಡಕ್ಕಿ, ಆರಿದ ಮಿರ್ಚಿ,
ಎಣ್ಣೆ ತಾಗದಂತೆ ಎತ್ತಿಟ್ಟ ಬಳ್ಳಾರಿಯ ಕಾಗದ:
ಆರೋಗ್ಯಸ್ವಾಮಿ ನಿಮಗೆ,
ನಿಮ್ಮ ಮೌನೇಶ, ಖಾಜಾಹುಸೇನ ನಮಗೆ.

ಹೆಸರು ಆರೋಗ್ಯಸ್ವಾಮಿ, ಮಂಡಿಗೆ ಎರಡು ಸಲ ಕತ್ತರಿ.
ವಯಸ್ಸು ಮೂವತ್ತೆಂಟು ಎನ್ನುತ್ತದೆ ಕಾಗದ.
ಕಾಗದಕ್ಕೇನು, ಅದು ಮೆಟ್ಟಿಲು ಹತ್ತುವುದಿಲ್ಲ.

"ಎರಡು ಹೋರಿ ಕೊಟ್ಟು ಮುದಿ ಎತ್ತು ತರೋರು ಯಾರ್ರೀ?"
ಅಂದ ವೈಂಡರ್ ನಡೆಸುವ ಯಂಕೋಬ.
"ಎತ್ತಲ್ಲಲೇ, ಅಂವ ಆನಿ. ಇದ್ರೂ ಲಕ್ಷ, ಸತ್ರೂ ಲಕ್ಷ."
"ಸತ್ತ ಆನಿ ಡಿಫೆನ್ಸ್ ಮಾಡ್ತದೇನು?"
"ಅಂವ ಬಂದ್ರ ಗ್ಯಾಲರಿ ತುಂಬ್ತದ."
ಗ್ಯಾಲರಿ ಅಂದರೆ ನಾಲ್ಕು ಕಲ್ಲು ಬಂಡೆ, ಒಂದು ಬೇವಿನ ಮರ.

ಇಬ್ಬರು ಆ ಕಡೆ, ಇಬ್ಬರು ಈ ಕಡೆ.
"ತಾಯಮ್ಮಕ್ಕ, ಈಗ ನೀನ ಹೇಳು."

ನನಗೆ ಗೊತ್ತಿರುವುದು ಕಲ್ಲು.
ಇಪ್ಪತ್ತೆರಡು ವರ್ಷ ಗಣಿಯ ಲ್ಯಾಬಿನಲ್ಲಿ
ಪುಡಿ ಮಾಡಿದ್ದೇನೆ, ಸೀಸ ಬೆರೆಸಿ ಕುಲುಮೆಗಿಟ್ಟಿದ್ದೇನೆ,
ಕೊನೆಗೆ ಬಟ್ಟಲಿನ ತಳದಲ್ಲಿ
ಸಾಸಿವೆಗಿಂತ ಸಣ್ಣದೊಂದು ಮಣಿ
ಕಣ್ಣು ಬಿಡುವುದನ್ನು ಕಾದಿದ್ದೇನೆ.
ಮಿಲ್ಲಿನ ಹಿಂದೆ ಅಪ್ಪಂದಿರು ಚೆಲ್ಲಿದ ಬೂದುಗುಡ್ಡ;
ಅದರಲ್ಲೂ ಇನ್ನೂ ಬಂಗಾರವಿದೆ ಅಂದರು, ಅದನ್ನೂ ನೋಡಿದೆ.
ಇತ್ತು.
ಆದರೆ ಚೀಟಿಯಲ್ಲಿ "ಇದೆ" ಅಂತ ಬರೆಯುವ ಹಾಗಿಲ್ಲ,
ಟನ್ನಿಗೆ ಎಷ್ಟು ಗ್ರಾಂ, ಅದನ್ನು ಬರೆಯಬೇಕು.

"ಮಾದರಿ ನೋಡದ ನಾ ಚೀಟಿ ಬರಿಯಂಗಿಲ್ಲ," ಅಂದೆ.

ಭಾನುವಾರ ಮೊದಲ ಬಸ್ಸು. ಸಿಂಧನೂರು, ಸಿರುಗುಪ್ಪ,
ಭತ್ತದ ಗದ್ದೆ ಮುಗಿಯುವಲ್ಲಿ ಬಳ್ಳಾರಿಯ ಗುಡ್ಡ.
ಕೌಲ್ ಬಜಾರಿನ ಚರ್ಚಿನ ಹಿಂದೆ ಬಿರುಕು ಬಿಟ್ಟ ಅಂಕಣ,
ಮಕ್ಕಳ ನಡುವೆ ಅವನು.

ಗಡಿಯಾರ ಹಿಡಿದು ಒಂದು ತಾಸು ನೋಡಿದೆ.
ಜಿಗಿತ: ಸೊನ್ನೆ.
ಓಟ: ಓಟ ಅನ್ನಲಾರೆ.
ಆದರೆ ಅವನು ನಿಂತಲ್ಲಿಗೇ ಬರುತ್ತಿತ್ತು ಚೆಂಡು,
ಕರೆಂಟು ಹೋದ ಮನೆಯಲ್ಲಿ
ಬೆಂಕಿಪೊಟ್ಟಣಕ್ಕೆ ನೇರ ಕೈ ಹೋದ ಹಾಗೆ.
ಅತ್ತ ನೋಡುತ್ತ ಇತ್ತ ಕೊಟ್ಟ ಒಂದು ಪಾಸಿಗೆ
ಹತ್ತು ವರ್ಷದ ಹುಡುಗಿಯೊಬ್ಬಳು ಬೆಚ್ಚಿ ನಿಂತಳು,
ಯಾರದೋ ಕೂಸು ತನ್ನ ಕೈಗೆ ಬಂದಂತೆ.

ಆಮೇಲೆ ಕಟ್ಟೆಗೆ ಕೂತು, ಹಾಲಿನ ಪಾಕೀಟಿನ ಐಸು
ಮಂಡಿಗೆ ಕಟ್ಟಿಕೊಂಡ.
ಕೇಳಿಯೇ ಬಿಟ್ಟೆ: "ಎಷ್ಟು ನಿಮಿಷ?"
ಸಿಟ್ಟಾಗಲಿಲ್ಲ. ಬಿಲ್ಲು ಕೂಡಿಸುವವನ ಹಾಗೆ ಯೋಚಿಸಿ,
"ಹನ್ನೆರಡು, ಅಕ್ಕ. ಚಳಿಗಾಲದಲ್ಲಿ ಒಂಬತ್ತು," ಅಂದ.
ನೀರು ಕುಡಿದ.
"ಆ ಹುಡುಗರನ್ನ ಇಲ್ಲಿಗೆ ಕಳಿಸಿದ್ರೆ
ಅಲ್ಲಿ ನಾನು ಪಾಸ್ ಕೊಡೋದು ಯಾರಿಗೆ?"

ಬರೆದುಕೊಂಡೆ. ಹನ್ನೆರಡು ನಿಮಿಷ.
ಇನ್ನೊಂದು ಮಾತಿಗೆ ಚೀಟಿಯಲ್ಲಿ ಕಾಲಂ ಇರಲಿಲ್ಲ.

ಹಟ್ಟಿಗೆ ಇಳಿದಾಗ ರಾತ್ರಿ ಹತ್ತು.
ಸೈಕಲ್ಲಿಗೆ ಒರಗಿ ನಿಂತಿದ್ದ ಮೌನೇಶ,
ಹತ್ತೊಂಬತ್ತರ ಎಡಗೈ ಹುಡುಗ.
ಕಾಗದದ ವಿಷಯ ಅವನಿಗೆ ಗೊತ್ತಿತ್ತೋ ಇಲ್ಲವೋ,
ಗೊತ್ತಿದ್ದೂ ಬಂದಿದ್ದನೋ, ನಾನು ಕೇಳಲಿಲ್ಲ.
"ಅಕ್ಕಾ, ಅಂವ ತಿರುಗೋದು ಎಡಕ್ಕೋ ಬಲಕ್ಕೋ?"

ನಿಲ್ದಾಣದ ಒಂದೇ ದೀಪದ ಕೆಳಗೆ
ಐವತ್ತೊಂದರ ನಾನು ಸೆರಗು ಸಿಕ್ಕಿಸಿದೆ.
ಕಣ್ಣು ಬಲಕ್ಕೆ, ಭುಜ ಬಲಕ್ಕೆ,
ಎಡಕ್ಕೆ ಎಸೆದೆ ಕೈಚೀಲ.

ಹಿಡಿದ.
ಅದರೊಳಗೇ ಇತ್ತು ಚೀಟಿ.